ಹರಿಗೋಲಿನ ಆತಿಥ್ಯ

ಅತಿಥಿಸತ್ಕಾರದ ವಿಷಯದಲ್ಲಿ ಹಾಸನ ಸೀಮೆಯ ಗೃಹಸ್ಥರು ಯಾರಿಗೂ ಕಡಮೆಯವರಲ್ಲ. ಇಬ್ಬರಿಗೆಂದು ಮಾಡಿದ ಅಡಿಗೆಗೆ ಆರು ಮಂದಿ ಬಂದರೂ ಗೃಹಿಣಿಯು ಮುಖ ಸಿಂಡರಿಸುವುದಿಲ್ಲ. ಸಾರಿಗೆ ಒಂದು ಸೌಟು ನೀರು ಹೆಚ್ಚಾಗುವುದು. ನೆರೆಮನೆಯಿಂದ ಒಂದು ಸೇರು ಅಕ್ಕಿಯು ಹಿತ್ತಿಲ ಬಾಗಿಲಿನಿಂದ ಬರುವುದು. ಮನೆಯವರು ಕಡೆಯ ಪಂಕ್ತಿಯಲ್ಲಿ ಕುಳಿತು ಮಜ್ಜಿಗೆಯನ್ನದಲ್ಲಿಯೇ ಊಟವನ್ನು ಮುಗಿಸುವರು. ಹಜಾರದಲ್ಲಿ ಎಲೆಯಡಕೆ ಮೆಲ್ಲುತ್ತ ಕುಳಿತ ನೆಂಟನಿಗೆ ಇದೊಂದೂ ತಿಳಿಯದು. ತಿಳಿಯಬಾರದೆಂಬುದೇ ಆತಿಥ್ಯದ ಗುಟ್ಟು. ಮನೆಯೆಂಬುದು ಕೊರತೆಯನ್ನು ಮರೆಮಾಡುವುದಕ್ಕೆ ಹೇಳಿ ಮಾಡಿಸಿದ ಸ್ಥಳ.

ಅದೇ ಗೃಹಸ್ಥನು ಅದೇ ನೆಂಟರನ್ನು ಸಣ್ಣದೊಂದು ದೋಣಿಯಲ್ಲಿ ಕುಳ್ಳಿರಿಸಿಕೊಂಡು ಹೊರಟನೆಂದರೆ ಆತಿಥ್ಯದ ಧರ್ಮವೇ ಬೇರೆಯಾಗುವುದು. ನೀರಿನ ಮೇಲೆ ಹಿತ್ತಿಲ ಬಾಗಿಲಿಲ್ಲ, ನೆರೆಮನೆಯೂ ಇಲ್ಲ. ಇರುವಷ್ಟೇ ಸ್ಥಳ, ಕಟ್ಟಿ ತಂದಷ್ಟೇ ಬುತ್ತಿ. ಒಬ್ಬನು ಹೆಚ್ಚಾಗಿ ಕುಳಿತರೆ ಅದು ಎಲ್ಲರಿಗೂ ಒಡನೆಯೇ ತಿಳಿಯುವುದು. ಮರೆಮಾಡಲು ಹೋದವನೊಡನೆ ಮಿಕ್ಕವರೂ ಮುಳುಗುವರು.

ಕನ್ನಡನಾಡಿನ ಒಳನಾಡಿಗೆ ಸಣ್ಣ ದೋಣಿಯೆಂದರೆ ಮುಖ್ಯವಾಗಿ ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಗುಂಡಗೆ ಹೆಣೆದು, ಹೊರಗೆ ಚರ್ಮವನ್ನು ಹೊದಿಸಿ ಮಾಡುತ್ತಿದ್ದ ಈ ವಾಹನವು ಬಹು ಪುರಾತನವಾದುದು. 1520ರ ಸುಮಾರಿನಲ್ಲಿ ವಿಜಯನಗರವನ್ನು ನೋಡಿದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂತಹ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಮಂದಿ ದಾಟುವರು; ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುವರು; ಹುಟ್ಟು ಹಾಕಿದಂತೆಲ್ಲ ದೋಣಿಯು ಸುತ್ತುತ್ತಲೇ ಇರುವುದು ಎಂಬುದು ಅವನ ವರ್ಣನೆಯ ಸಾರ. ಈಚೆಗೆ ಚರ್ಮದ ಬದಲು ಪ್ಲಾಸ್ಟಿಕ್ಕಿನ ಹಾಳೆಯೂ ಡಾಂಬರೂ ಬಂದಿವೆ. ಆದರೆ ಸುತ್ತುವ ಗುಣವು ಮಾತ್ರ ಬದಲಾಗಿಲ್ಲ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಆದುದರಿಂದ ಅದರಲ್ಲಿ ಅಗ್ರಪೀಠವೂ ಇಲ್ಲ. ದಡದ ಮೇಲೆ ಯಾರು ಯಾರಿಗೆ ದೊಡ್ಡವರೆಂಬ ಲೆಕ್ಕವು ಇಲ್ಲಿ ನಡೆಯದು. ಇಲ್ಲಿ ನಡೆಯುವುದು ತೂಕದ ಲೆಕ್ಕವೊಂದೇ. ಮಕ್ಕಳು ನಡುವೆ, ದಪ್ಪನಾದವರು ಎದುರುಬದುರಾಗಿ, ಗಂಟುಮೂಟೆ ತಳದಲ್ಲಿ. ಜಮೀನುದಾರನಾಗಲಿ ಘನಪಾಠಿಯಾಗಲಿ, ಅಂಬಿಗನು ಕೂರೆಂದ ಕಡೆ ಕೂರಬೇಕು, ಏಳಬೇಡವೆಂದರೆ ಏಳಕೂಡದು. ದಡದಲ್ಲಿ ದೂರ ನಿಂತು ಮಾತನಾಡಬೇಕಾಗಿದ್ದವನು ನೀರಿನ ಮೇಲೆ ಯಜಮಾನನಾಗುತ್ತಿದ್ದನು. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಅತ್ಯಂತ ನಿಷ್ಠುರವಾಗಿ ನುಡಿದವರಲ್ಲಿ ಒಬ್ಬನು ಅಂಬಿಗರ ಚೌಡಯ್ಯನೆಂಬುದು ಆಕಸ್ಮಿಕವಾಗಿರಲಾರದು. ಮುಖ ನೋಡಿ ಮಾತನಾಡುವವನಿಗೆ ಹೊಳೆಯ ಉದ್ಯೋಗವು ಸಲ್ಲದು.

ಹೇಮಾವತಿಯ ದಡದವರಿಗೆ ಈ ಪಾಠವು ಹೊಸದಲ್ಲ. ಮಳೆಗಾಲದಲ್ಲಿ ಹೊಳೆಯು ತುಂಬಿದಾಗ ಆಚೆ ದಡದ ಸಂತೆಗೂ ಬೀಗರ ಮನೆಗೂ ಹರಿಗೋಲೇ ದಾರಿಯಾಗಿದ್ದ ಕಾಲವೊಂದಿತ್ತು. ಸೇತುವೆಗಳು ಬಂದಂತೆ ಆ ಅಗತ್ಯವು ತಪ್ಪಿತು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹಳೆಯ ಹೊಳೆಯ ಸ್ಥಳದಲ್ಲಿ ವಿಶಾಲವಾದ ಹಿನ್ನೀರು ನಿಂತಿತು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿಯು ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲತೊಡಗಿತು. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಹೀಗೆ ಅಗತ್ಯದ ವಾಹನವಾಗಿದ್ದ ಹರಿಗೋಲು ವಿಹಾರದ ವಾಹನವಾಯಿತು. ಅಂಬಿಗನು ನೋಡಿಕೊಳ್ಳುತ್ತಿದ್ದ ಲೆಕ್ಕವು ಆತಿಥೇಯನ ತಲೆಯ ಮೇಲೆ ಬಂದಿತು.

ಇಂತಹ ಯಾವುದಾದರೊಂದು ಹಿನ್ನೀರಿನ ದಡದಲ್ಲಿ ರಜಾದಿನದ ದೃಶ್ಯವನ್ನು ಊಹಿಸಬಹುದು. ಬೆಂಗಳೂರಿನಿಂದ ಬಂದ ಹನ್ನೆರಡು ಮಂದಿ ನೆಂಟರೊಡನೆ ಗೃಹಸ್ಥನು ನಿಂತಿದ್ದಾನೆ. “ಸ್ವಾಮಿ, ಎಂಟು ಜನಕ್ಕೆ ಮಾತ್ರ ಸರಿ. ಉಳಿದವರು ಇಲ್ಲೇ ಇರಲಿ, ಮತ್ತೆ ಬಂದು ಕರಕೊಂಡು ಹೋಗ್ತೀನಿ” ಎನ್ನುತ್ತಾನೆ ಅಂಬಿಗ. “ಇಷ್ಟು ದೂರ ಬಂದು ದಡದಲ್ಲಿ ಕೂರಬೇಕೆ, ಭಾವ? ಒಟ್ಟಿಗೆ ಹೋದರಲ್ಲವೆ ಚೆಂದ!” ಎನ್ನುತ್ತಾನೆ ಮಡದಿಯ ಅಣ್ಣ. ಈ ಎರಡು ಮಾತುಗಳ ನಡುವೆ ಗೃಹಸ್ಥನು ಒಂದು ಕ್ಷಣ ಮೌನವಾಗುವನು. ಆ ಮೌನಕ್ಕೆ ಕನ್ನಡದಲ್ಲಿ ದಾಕ್ಷಿಣ್ಯವೆಂದು ಹೆಸರು. ಮನೆಯಲ್ಲಿ ಅದು ಸದ್ಗುಣ; ಅದರಿಂದ ಆಗುವ ನಷ್ಟವು ಹೆಚ್ಚೆಂದರೆ ಒಂದು ಸೇರು ಅಕ್ಕಿ. ನೀರಿನ ದಡದಲ್ಲಿ ಅದರ ಬೆಲೆಯು ಬೇರೆ.

ಆ ಬೆಲೆಯನ್ನು ಕರಾವಳಿಯು ಕಂಡಿದೆ. ಹೊಳೆನರಸೀಪುರ, ಗೊರೂರುಗಳಂತೆಯೇ ಕಾರವಾರದ ಬಳಿ ಸಮುದ್ರದಲ್ಲಿರುವ ಕೂರ್ಮಗಡ ದ್ವೀಪವೂ ನರಸಿಂಹಕ್ಷೇತ್ರ. 2019ರ ಜನವರಿ 21ರಂದು ಅಲ್ಲಿಯ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಮಂದಿ ಪ್ರಾಣ ಕಳೆದುಕೊಂಡರು. ದೋಣಿಯು ತಾಳುವುದಕ್ಕಿಂತ ಹೆಚ್ಚು ಮಂದಿ ಅದರಲ್ಲಿದ್ದರೆಂದು ಆಗ ವರದಿಯಾಯಿತು. ದೇವರ ದರ್ಶನ ಮಾಡಿ ಒಟ್ಟಿಗೆ ಮನೆ ಸೇರಬೇಕೆಂದಿದ್ದ ಕುಟುಂಬಗಳವು. ಒಟ್ಟಿಗೆ ಇರಬೇಕೆಂಬ ಆಸೆಗಿಂತ ಮಾನುಷವಾದುದು ಯಾವುದಿದೆ? ಆದರೆ ನೀರು ಆಸೆಯನ್ನು ಎಣಿಸುವುದಿಲ್ಲ, ತಲೆಯನ್ನು ಎಣಿಸುತ್ತದೆ.

ತಿಂಗಳುಗಟ್ಟಲೆ ದೋಣಿಯಲ್ಲಿಯೇ ಬಾಳುವವರಿಗೆ ಈ ಮಿತವು ನಿತ್ಯವ್ರತ. ಜೋಶುವಾ ಸ್ಲೋಕಮ್ ಎಂಬ ಅಮೆರಿಕದ ನಾವಿಕನು 1895ರಿಂದ 1898ರವರೆಗೆ ಮೂವತ್ತೇಳು ಅಡಿಗೂ ತುಸು ಕಡಮೆಯಾದ ‘ಸ್ಪ್ರೇ’ ಎಂಬ ದೋಣಿಯಲ್ಲಿ ಒಬ್ಬನೇ ಭೂಮಂಡಲವನ್ನು ಸುತ್ತಿ ಬಂದನು. ದಾರಿಯಲ್ಲಿ ಅವನ ದೋಣಿಗೆ ಅತಿಥಿಗಳೂ ಬಂದುದುಂಟು. 1896ರಲ್ಲಿ ಸಮೋವಾ ದ್ವೀಪದಲ್ಲಿ ಹಾಗೆ ಬಂದವರಲ್ಲಿ ಒಬ್ಬಳು, ಎರಡು ವರ್ಷಗಳ ಹಿಂದೆ ಅಲ್ಲಿಯೇ ತೀರಿಕೊಂಡಿದ್ದ ಕಾದಂಬರಿಕಾರ ಸ್ಟೀವನ್‌ಸನ್ನನ ಪತ್ನಿ ಫ್ಯಾನಿ. ಆಕೆಯು ಸ್ಲೋಕಮ್‌ನಿಗೆ ಕೊಟ್ಟ ಉಡುಗೊರೆಯು ಪತಿಯ ಪುಸ್ತಕಭಂಡಾರದಲ್ಲಿದ್ದ ಸಮುದ್ರಮಾರ್ಗದ ಕೈಪಿಡಿಗಳು. ಸಣ್ಣ ದೋಣಿಗೆ ಎಂತಹ ವಸ್ತುವನ್ನು ಒಯ್ಯಬೇಕೆಂಬುದನ್ನು ಅರಿತ ಅತಿಥಿಯೆಂದರೆ ಅವಳೇ. ಒಯ್ದ ಭಾರಕ್ಕೆ ತಕ್ಕ ಉಪಯೋಗವಿದ್ದಿತು.

ದಡದಲ್ಲಿ ಉಳಿಯುವುದು ಅವಮಾನವೆಂಬ ಭಾವನೆಯೇ ಈ ಅನರ್ಥಕ್ಕೆಲ್ಲ ಮೂಲ. ವಾಲ್ಮೀಕಿಗಳ ಕಾವ್ಯದಲ್ಲಿ ಗಂಗಾತೀರದ ಪ್ರಸಂಗವನ್ನು ನೆನೆಯಬೇಕು. ಗುಹನು ಭಕ್ಷ್ಯಭೋಜ್ಯಗಳನ್ನೂ ಹಾಸಿಗೆಗಳನ್ನೂ ತಂದು ಮುಂದಿಟ್ಟನು. ವ್ರತಸ್ಥನಾದ ಶ್ರೀರಾಮನು ಕುದುರೆಗಳಿಗೆ ಬೇಕಾದ ಮೇವನ್ನಷ್ಟೇ ಒಪ್ಪಿದನು. ಗುಹನು ಅದಕ್ಕಾಗಿ ನೊಂದುಕೊಳ್ಳಲಿಲ್ಲ. ಬೆಳಗಾದ ಮೇಲೆ ಅವನು ಅಣಿಮಾಡಿಸಿದ ದೋಣಿಯಲ್ಲಿ ಮೂವರೂ ದಾಟಿದರು. ತಾನೂ ಬರುವೆನೆಂದು ಬೇಡಿಕೊಂಡ ಸುಮಂತ್ರನು ದಡದಲ್ಲಿಯೇ ಉಳಿದನು. ಅಲ್ಲಿ ಕಾರಣವು ಬೇರೆಯಾಗಿತ್ತು, ನಿಜ. ಆದರೂ ಉಳಿದುದರಿಂದ ಸುಮಂತ್ರನ ಗೌರವಕ್ಕಾಗಲಿ ಉಳಿಯೆಂದುದರಿಂದ ರಾಮನ ಸ್ನೇಹಕ್ಕಾಗಲಿ ಕುಂದು ಬಂದಿತೆಂದು ಇಷ್ಟು ಕಾಲದಲ್ಲಿ ಯಾರೂ ಆಡಿಲ್ಲ.

ಹಾಗಾದರೆ ಭಾವಮೈದುನನ ಮಾತಿಗೆ ಗೃಹಸ್ಥನು ಏನೆಂದು ಉತ್ತರ ಕೊಡಬೇಕು? ಉತ್ತರವು ಅವನ ಮನೆಯ ಪದ್ಧತಿಯಲ್ಲಿಯೇ ಇದೆ. ಮನೆಯಲ್ಲಿ ಬಂದವರಿಗೆ ಮೊದಲ ಪಂಕ್ತಿ, ಮನೆಯವರಿಗೆ ಕಡೆಯ ಪಂಕ್ತಿ. ಹೊಳೆಯ ದಡದಲ್ಲಿಯೂ ಅಂಬಿಗನು ಹೇಳಿದಷ್ಟು ಮಂದಿಯನ್ನೇ ಎಣಿಸಿ ಹತ್ತಿಸಿ, ಲೈಫ್ ಜಾಕೆಟ್ಟಿನ ದಾರವನ್ನು ತಾನೇ ಎಳೆದು ನೋಡಿ, “ನೀವು ಹೋಗಿ ಬನ್ನಿ, ನಾನು ಮುಂದಿನ ಸರದಿಗೆ ಬರುವೆ” ಎಂದು ಆತಿಥೇಯನೇ ದಡದಲ್ಲಿ ನಿಂತರೆ, ಹಿಂದೆ ಉಳಿದವರಿಗೆ ಅವಮಾನವೆಲ್ಲಿಯದು? ಕಡೆಯ ಪಂಕ್ತಿಯಲ್ಲಿ ಉಂಡು ಯಾವ ಗೃಹಸ್ಥನೂ ಕೆಟ್ಟಿಲ್ಲ; ಕಡೆಯ ಸರದಿಯಲ್ಲಿ ದಾಟಿಯೂ ಕೆಡಲಾರನು.