ತುಕ್ಕು ತೆಗೆದದ್ದು

ತುಕ್ಕಿನ ಮೇಲೆ ಬಣ್ಣ ಬಳಿದು ಗಾಡಿ ಮಾರುವುದು ನಮ್ಮ ನಾಡಿನಲ್ಲಿ ಬಲು ಹಳೆಯ ವಿದ್ಯೆ. ನಾವು ಗಾಡಿಯ ಮಾತು ಮಾತ್ರ ಆಡುತ್ತಿದ್ದೇವೆ. ಬೇರೆ ಅರ್ಥ ಹಚ್ಚುವವರು ಹಚ್ಚಿಕೊಳ್ಳಲಿ, ಬೇಡ ಅನ್ನುವುದಿಲ್ಲ.

ನಾವು ಕೋಲಾರದ ಕಡೆಯ ಮೂವರು ಅಣ್ಣತಮ್ಮಂದಿರು. ನಮ್ಮಪ್ಪ ಮಂಡಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸುಗಳನ್ನು ಹೊತ್ತೂ ಹೊತ್ತೂ ಬೆನ್ನು ಸವೆಸಿಕೊಂಡ ಹಮಾಲಿ. ಹೊರುವುದು ಅವನ ತಲೆಗೇ ಮುಗೀಲಿ ಅಂತ ಸಾಲ ಮಾಡಿ, ಅಮ್ಮನ ಓಲೆ, ಎರಡು ಸೀಮೆಹಸು ಮಾರಿ ಒಂದು ಹಳೇ ಟಾಟಾ 407 ತಂದೆವು. ಈ ಮಾದರಿ ಮೊದಲು ರಸ್ತೆಗೆ ಬಂದದ್ದು 1986ರಲ್ಲಿ. ನಮ್ಮದು ಅಷ್ಟು ಹಿರಿಯದಲ್ಲ, ಆದರೂ ನಾಲ್ಕು ಯಜಮಾನರನ್ನು ಕಂಡು ಬಂದದ್ದು. ತಂದ ದಿನ ಮದುವೆ ಹೆಣ್ಣಿನ ಹಾಗೆ ಹೊಳೆಯುತ್ತಿತ್ತು. ಒಂದೇ ಮಳೆಗಾಲ. ಬಾಗಿಲ ತಳ, ಮಡ್‌ಗಾರ್ಡು, ಹತ್ತುವ ಮೆಟ್ಟಿಲು, ಎಲ್ಲ ಕಡೆ ಬಣ್ಣ ಬೊಬ್ಬೆ ಎದ್ದು ಉದುರತೊಡಗಿತು.

ಊರಿನ ದೊಡ್ಡ ತೋಟದ ಯಜಮಾನರಿಗೆ ಇದು ಒಳ್ಳೆಯದೇ ಆಯಿತು. ಬಾಡಿಗೆ ಕೇಳಿದರೆ, "ನಿಮ್ಮ ಗಾಡಿ ತುಕ್ಕು ತಿಂದೈತೆ ಕಣ್ರಯ್ಯ, ನನ್ನ ಮಾಲು ಮಂಡಿ ಮುಟ್ಟೋದು ಹೆಂಗೆ?" ಅಂದರು. ಅವರ ಮಾಲು ಹೊರುತ್ತಿದ್ದ ಅವರ ಭಾವಮೈದನ ಗಾಡಿಯ ತಳದಲ್ಲಿ ರಸ್ತೆ ಕಾಣಿಸುತ್ತಿತ್ತು. ಇರಲಿ. ತುಕ್ಕು ಇದ್ದದ್ದು ನಿಜ, ನಾವು ಹೇಗೆ ಇಲ್ಲ ಅನ್ನೋದು? ಎಫ್‌ಸಿ ಬೇರೆ ಹತ್ತಿರ ಬಂದಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಆಗಬೇಕು. ಆಗದಿದ್ದರೆ ಗಾಡಿ ನಿಲ್ಲುತ್ತೆ, ಸಾಲದ ಕಂತು ನಿಲ್ಲೋದಿಲ್ಲ. ಪಟ್ಟಣದ ಒಂದು ಗ್ಯಾರೇಜಿನವರು ಹೇಳಿದ ರೇಟು ಕೇಳಿ ಅಮ್ಮ, "ಅಷ್ಟು ದುಡ್ಡಿಗೆ ಇನ್ನೆರಡು ಹಸು ಬರ್ತವೆ" ಅಂದಳು. ಕೇರಿಯ ಕೊನೆಯ ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿ ನಾವೇ ಕೈ ಹಾಕಿದೆವು.

ಕಲಿಸಿದ್ದು ಒಬ್ಬ ತಾತ. ಕೆಜಿಎಫ್‌ನ ಗಣಿಯ ವರ್ಕ್‌ಶಾಪಿನಲ್ಲಿ ಅದಿರು ಸಾಗಿಸುವ ಟ್ರಾಲಿಗಳ ತಗಡು ಬಡಿದು ಬದುಕಿದವನು. 1880ರಲ್ಲಿ ಬ್ರಿಟಿಷ್ ಕಂಪನಿ ತೋಡಲು ಶುರು ಮಾಡಿ, ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿಹೋದ ಗಣಿ ಅದು. ಒಳಗಿಳಿದು ಚಿನ್ನ ತೆಗೆದವರಲ್ಲಿ ಬಹುಪಾಲು ದಲಿತರು, ತಮಿಳು ಮಾತಾಡುವವರು. ಚಿನ್ನಕ್ಕೆ ತುಕ್ಕು ಹಿಡಿಯೋದಿಲ್ಲ, ಅದನ್ನು ಹೊತ್ತು ತಂದ ಟ್ರಾಲಿಗೆ ಹಿಡಿಯುತ್ತೆ. ತಾತನಿಗೆ ಗೊತ್ತಿದ್ದದ್ದು ಟ್ರಾಲಿ.

ಮೇಷ್ಟ್ರುಗಳು ಕಬ್ಬಿಣ, ನೀರು, ಆಮ್ಲಜನಕ ಸೇರಿ ತುಕ್ಕು ಅಂತ ಬೋರ್ಡಿನ ಮೇಲೆ ಬರೆಸುತ್ತಾರೆ. ಸರಿಯೇ. ಆದರೆ ಅದರ ಬುದ್ಧಿ ತಿಳಿಯಬೇಕಾದರೆ ಲಾರಿಯ ಬಾಗಿಲು ಬಿಚ್ಚಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ಅದಕ್ಕೇ ಬಣ್ಣವನ್ನು ಒಳಗಿಂದ ಎತ್ತಿ ಬೊಬ್ಬೆ ಮಾಡುತ್ತೆ. ಅಲ್ಯೂಮಿನಿಯಂ ಪಾತ್ರೆಯ ಮೇಲೂ ಇಂಥದೇ ಒಂದು ಪೊರೆ ಕಟ್ಟುತ್ತೆ, ಆದರೆ ಅದು ಬಿಗಿಯಾದದ್ದು, ಒಳಗಿನ ಲೋಹವನ್ನು ಕಾಯುತ್ತೆ. ಕಬ್ಬಿಣದ ತುಕ್ಕು ಹಾಗಲ್ಲ, ಅದು ಬುರುಗು. ನೀರು ಹೀರಿ ಇಟ್ಟುಕೊಂಡು ಇನ್ನೂ ಒಳಕ್ಕೆ ಇಳಿಯುತ್ತೆ. ಜತೆಗೆ ಗೊಬ್ಬರದ ಮೂಟೆಯಿಂದ ಉದುರಿದ ಉಪ್ಪು, ಬಾಕ್ಸಿನಿಂದ ಸೋರಿದ ಟೊಮೆಟೊದ ಹುಳಿ ಸೇರಿದರೆ ಕೇಳಬೇಡಿ. ಬಿಸಿಲಿಗೆ ಒಣಗುವ ಕಡೆ ಅದು ಹುಟ್ಟೋದು ಕಮ್ಮಿ. ಮಣ್ಣು, ತೇವ ಕೂತಲ್ಲಿ, ರಬ್ಬರ್ ಮ್ಯಾಟಿನ ಕೆಳಗೆ, ಕಣ್ಣಿಗೆ ಬೀಳದ ಮಡಿಕೆಯಲ್ಲಿ ಹುಟ್ಟುತ್ತೆ. ಬಾಗಿಲ ತಳದಲ್ಲಿ ನೀರು ಇಳಿದು ಹೋಗಲಿ ಅಂತ ಕಂಪನಿಯವರೇ ತೂತು ಬಿಟ್ಟಿರುತ್ತಾರೆ. ನಮ್ಮ ಗಾಡಿಯದು ಮಣ್ಣು ಮೆತ್ತಿ ಮುಚ್ಚಿಹೋಗಿ, ಬಾಗಿಲೊಳಗೆ ಕೆರೆಯೇ ನಿಲ್ಲುತ್ತಿತ್ತು.

ತಾತ ಮೊದಲು ಸುತ್ತಿಗೆ ಮುಟ್ಟಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಉದ್ದಕ್ಕೂ ಬಡಿಯುತ್ತಾ ಬಂದ. ಗಟ್ಟಿ ತಗಡು ಠಣ್ ಅನ್ನುತ್ತೆ. ಒಂದು ಕಡೆ ದಬ್ ಅಂದಿತು. ಅಲ್ಲಿ ತುದಿಯಿಂದ ಚುಚ್ಚಿದ. ಬೆರಳು ದಪ್ಪದ ಪುಟ್ಟಿ ಕಳಚಿ ಬಿತ್ತು, ಅದರ ಹಿಂದೆ ಗೋಣಿ ಚೂರು. ತಗಡೇ ಇರಲಿಲ್ಲ. "ಇದು ಬಾಗಿಲಲ್ಲಪ್ಪಾ, ಗೋಡೆ" ಅಂದ. ಕೆರೆಯುತ್ತಾ ಹೋದ ಹಾಗೆ ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಬಿಳಿ, ಒಂದೊಂದರ ಮೇಲೂ ಒಂದೊಂದು ಮನೆದೇವರ ಹೆಸರು. ಎಲ್ಲ ದೇವರ ಕೆಳಗೂ ತುಕ್ಕು.

ಕೊಳೆತದ್ದನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಲೇಬೇಕು. ಇಲ್ಲಿ ಕರುಣೆ ನಡೆಯೋದಿಲ್ಲ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡಿನ ತುಂಡು ಮಾಡಿಕೊಂಡೆವು. ವೆಲ್ಡಿಂಗ್ ಮಾಡುವವನನ್ನು ಅರ್ಧ ದಿನಕ್ಕೆ ಕರೆದೆವು. ಬ್ಯಾಟರಿ ವೈರು ಬಿಚ್ಚಿ, ಡೀಸೆಲ್ ಟ್ಯಾಂಕು ಇಳಿಸಿ ದೂರ ಇಟ್ಟು, ಪಕ್ಕದಲ್ಲಿ ಒಂದು ಬಕೆಟ್ ಮರಳು, ಒದ್ದೆ ಗೋಣಿ. ಒಂದೇ ಸಮ ಬೆಸೆದರೆ ತಗಡು ಕಾವಿಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಅದಕ್ಕೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು. ಮೇಲುಮೇಲಿನ ತುಕ್ಕನ್ನು ವೈರ್ ಬ್ರಷ್ಷಿನಿಂದ, 80ನೇ ನಂಬರಿನ ಎಮರಿ ಶೀಟಿನಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆವು. ಗುಂಡಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕಿನ ಔಷಧಿ ಹಚ್ಚಿದರೆ ಅದು ಕಪ್ಪಗೆ ಗಟ್ಟಿಯಾಗುತ್ತೆ. ಹೊಳೆಯುವ ತಗಡನ್ನು ರಾತ್ರಿ ಇಬ್ಬನಿಗೆ ಬಿಡಬಾರದು, ಬೆಳಗಾಗುವುದರೊಳಗೆ ಮತ್ತೆ ಕೆಂಪಾಗಿರುತ್ತೆ. ಅವತ್ತಿಗವತ್ತೇ ರೆಡ್ ಆಕ್ಸೈಡ್.

ಉಜ್ಜುವಾಗ ಎದ್ದ ಧೂಳಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳೇ ಬಣ್ಣಗಳಲ್ಲಿ, ಅದರಲ್ಲೂ ಹಳದಿ ಕೆಂಪುಗಳಲ್ಲಿ, ಸೀಸ ಇರುತ್ತೆ. ಅದು ಮಕ್ಕಳ ಮೆದುಳಿಗೆ ವಿಷ. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅಂತ 2016ರಲ್ಲಿ ಸರ್ಕಾರ ನಿಯಮ ಮಾಡಿತು, 2017ರ ನವೆಂಬರಿನಿಂದ ಜಾರಿಗೆ ಬಂತು. ಆದರೆ ಆ ನಿಯಮ ಮನೆಗೆ ಹೊಡೆಯುವ, ಅಲಂಕಾರದ ಬಣ್ಣಕ್ಕೆ. ಲಾರಿಯ ಬಣ್ಣ ಉಜ್ಜುವ ಹುಡುಗನ ಮೂಗು ಆ ಕಾಗದದಲ್ಲಿ ಇಲ್ಲ. ಟಿಂಕರಿಂಗ್ ಶೆಡ್ಡುಗಳಲ್ಲಿ ಬನಿಯನ್ ತೊಟ್ಟು ಬರಿಮೂಗಲ್ಲಿ ಉಜ್ಜುವ ಹುಡುಗರು ಯಾರ ಮಕ್ಕಳು ಅಂತ ನಾವು ಹೇಳಬೇಕಾಗಿಲ್ಲ. ನಾವು ನೀರು ಚಿಮುಕಿಸಿಕೊಂಡು ಉಜ್ಜಿದೆವು, ಮೂಗಿಗೆ ಮಾಸ್ಕು ಕಟ್ಟಿದೆವು, ಕೇರಿಯ ಮಕ್ಕಳನ್ನು ಮರದ ಹತ್ತಿರ ಬಿಡಲಿಲ್ಲ. ಉದುರಿದ ಪುಡಿಯನ್ನು ಚೀಲಕ್ಕೆ ತುಂಬಿದ ಮೇಲೆಯೇ ಊಟ.

ಎಡಗಡೆ ಬಾಗಿಲ ನಗ್ಗನ್ನು ತೆಗೆದದ್ದು ನಮಗೆ ಬಹಳ ಹಿಡಿಸಿದ ಕೆಲಸ. ಗೊತ್ತಿಲ್ಲದವರು ನಗ್ಗಿನ ನಡುಮಧ್ಯಕ್ಕೆ ಹಿಂದಿನಿಂದ ಜೋರಾಗಿ ಬಡಿಯುತ್ತಾರೆ. ತಗಡು ಹಿಗ್ಗಿ, ಒತ್ತಿದರೆ ಟಿಕ್, ಬಿಟ್ಟರೆ ಟಿಕ್ ಅನ್ನುವ ಡಬ್ಬಿಯಾಗುತ್ತೆ. ತಾತ ಹೇಳಿದ್ದು ಬೇರೆ: "ಪೆಟ್ಟು ಬಿದ್ದ ದಾರೀಲೇ ವಾಪಸ್ ಹೋಗಬೇಕಪ್ಪಾ. ಕಡೇಗೆ ಬಿದ್ದ ಮಡಿಕೆ ಮೊದಲು ಬಿಡಿಸಬೇಕು." ಅಂದರೆ ಅಂಚಿನ ಉಬ್ಬಿನಿಂದ ಶುರು. ಒಳಗಡೆ ತಗ್ಗಿಗೆ ಕಬ್ಬಿಣದ ಮುದ್ದೆ ಒತ್ತಿ ಹಿಡಿದು, ಹೊರಗಡೆ ಉಬ್ಬಿದ ಅಂಚಿಗೆ ಸಣ್ಣ ಸಣ್ಣ ಪೆಟ್ಟು, ಸುತ್ತುತ್ತಾ ನಡುವಿಗೆ. ಹಿಗ್ಗಿದ ಒಂದು ಜಾಗವನ್ನು ಗ್ಯಾಸಿನಿಂದ ಎಂಟಾಣೆ ಅಗಲಕ್ಕೆ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿದರೆ ತಗಡು ತಾನೇ ಕುಗ್ಗಿಕೊಂಡಿತು. ಸರಿಯಾಯಿತೇ ಅಂತ ಕಣ್ಣಲ್ಲಿ ನೋಡಬಾರದು, ಕಣ್ಣು ಮೋಸ ಮಾಡುತ್ತೆ. ಅಂಗೈ ಚಪ್ಪಟೆ ಇಟ್ಟು, ತೆಳು ಬಟ್ಟೆಯ ಮೇಲೆ ಸವರಬೇಕು. ತಾತನ ಅಂಗೈ ದಡ್ಡುಗಟ್ಟಿ ಕಲ್ಲಾಗಿತ್ತು. ಆ ಕೈಗೆ ಕೂದಲೆಳೆಯ ತಗ್ಗು ತಿಳಿಯುತ್ತಿತ್ತು. ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಯಾವ ಸರ್ಟಿಫಿಕೇಟೂ ಅವನ ಹತ್ತಿರ ಇರಲಿಲ್ಲ.

ಪುಟ್ಟಿ ನಾವೂ ಹಾಕಿದೆವು. ಅದರ ಮೇಲೆ ಹಗೆಯಿಲ್ಲ. ಬರಿ ತಗಡಿನ ಮೇಲೆ ತೆಳ್ಳಗೆ, 3 ಮಿಲಿಮೀಟರ್ ಮೀರದ ಹಾಗೆ. 100 ಗ್ರಾಮಿಗೆ 2 ಗ್ರಾಂ ಹಾರ್ಡನರ್. ಬಿಸಿಲಿಗೆ ನಿಮಿಷಗಳಲ್ಲಿ ಕಲ್ಲಾಗುವುದರಿಂದ ಚೂರುಚೂರೇ ಕಲಸಬೇಕು. ಪುಟ್ಟಿ ನೀರು ಕುಡಿಯುತ್ತೆ, ಆದ್ದರಿಂದ ಅದನ್ನು ಒಣಗಿದ ಹಾಗೇ ಉಜ್ಜಿ, 120, ಆಮೇಲೆ 220, ಪ್ರೈಮರಿನಿಂದ ಮುಚ್ಚಿಬಿಡಬೇಕು. ಮಿಕ್ಕದ್ದು ಬಣ್ಣ, ಎರಡು ಕೋಟು. ಅದನ್ನು ಯಾರು ಬೇಕಾದರೂ ಹೊಡೆದಾರು.

ಎಫ್‌ಸಿ ಆಯಿತು. ತೋಟದ ಯಜಮಾನರ ಮನೆ ಮುಂದೆ ಗಾಡಿ ನಿಲ್ಲಿಸಿದೆವು. ಅವರು ಜಗುಲಿ ಇಳಿಯಲಿಲ್ಲ, ಅಲ್ಲಿಂದಲೇ ಒಂದು ಸುತ್ತು ಕಣ್ಣಾಡಿಸಿ, "ಬಾಡಿ ಏನೋ ಚೆನ್ನಾಗೈತೆ. ಟೈರು ಸವೆದೈತಲ್ಲಯ್ಯ" ಅಂದರು. ಮುಂದಿನ ಎರಡೂ ಟೈರು ಆ ತಿಂಗಳೇ ಹಾಕಿಸಿದ್ದು, ಮೇಲಿನ ರಬ್ಬರ್ ಮುಳ್ಳು ಕೂಡ ಉದುರಿರಲಿಲ್ಲ. ನಾವು ಏನೂ ಹೇಳದೆ ಗಾಡಿ ತಿರುಗಿಸಿದೆವು. ಈಗ ಅರ್ಧ ಎಕರೆ, ಒಂದು ಎಕರೆಯವರ ಟೊಮೆಟೊ ಹೊರುತ್ತೇವೆ, ಸುಗ್ಗಿಯಿಲ್ಲದಾಗ ಇಟ್ಟಿಗೆ. ಕಂತು ಕಟ್ಟುತ್ತಿದ್ದೇವೆ. ದಿನ ಬಿಟ್ಟು ದಿನ ಬಾಗಿಲ ತೂತುಗಳಿಗೆ ತಂತಿ ಹಾಕಿ ಮಣ್ಣು ತೆಗೆಯುವುದು ತಮ್ಮನ ಕೆಲಸ.

ಆದರೂ ಬಲಗಡೆ ಬಾಗಿಲ ತಳದಲ್ಲಿ ಮೊನ್ನೆ ಬಣ್ಣ ಕಡಲೆಕಾಳಷ್ಟು ಉಬ್ಬಿದ್ದು ಕಂಡಿತು. ಭಾನುವಾರ ಬಾಡಿಗೆ ಇಲ್ಲ. ತಾತನಿಗೆ ಹೇಳಿ ಕಳಿಸಿದ್ದೇವೆ.