ಹೊಸ ಸೊಸೆ, ಹಳೆಯ ತಂತಿ

ಮನೆಗೆ ಹೊಸ ಸೊಸೆ ಬಂದ ಮೇಲೆ ಒಡೆದ ಗಡಿಗೆಗೆಲ್ಲ ಅವಳೇ ಹೊಣೆ. ಕಾರಿನ ಬಾಗಿಲಿಗೆ ಬಂದ ಹೊಸ ಸ್ಪೀಕರುಗಳ ಪಾಡೂ ಅದೇ. ಸಿಂಧನೂರಿನಲ್ಲಿ ಅವನ್ನು ಕೂಡಿಸಿದಂದಿನಿಂದ ಎಡಬಾಗಿಲಿನಲ್ಲಿ ಅರಳು ಹುರಿದಂತಹ ಚಟಪಟ. ತೀರಿಹೋದ ತಂದೆಯವರು ಹಾಡಿದ ತತ್ವಪದವೊಂದು ಪೆನ್‌ಡ್ರೈವಿನಲ್ಲಿ ಉಳಿದಿದೆ. "ನಿಮ್ಮಪ್ಪನ ಹಾಡೇ ಕೆಟ್ಟುಹೋತೇನಪಾ?" ಎಂದು ತಾಯಿ ಕಂಗೆಟ್ಟರು.

ಲಿಂಗಸುಗೂರಿನ ಮೇಸ್ತ್ರಿ ಸೊಸೆಯನ್ನು ದೂರಲಿಲ್ಲ. ಧ್ವನಿ ಏರಿಸಿದಾಗ ಮಾತ್ರ ಒಡೆದರೆ ಪ್ಲೇಯರಿನ ಶಕ್ತಿ ಸಾಲದೆಂದು ಅರ್ಥ. ಇದು ಮೆಲುದನಿಯಲ್ಲಿಯೂ ಇತ್ತು. ಪ್ಲೇಯರಿನ ಹಿಂದೆ ಎಡಬಲದ ತಂತಿಗಳನ್ನು ಅದಲುಬದಲು ಮಾಡಿದರು. ಸದ್ದು ಬಲಕ್ಕೆ ಹೋಗಿದ್ದರೆ ದೋಷ ಪ್ಲೇಯರಿನದು, ಅದು ಕದಲಲಿಲ್ಲ. ಬಾಗಿಲನ್ನು ಮೆಲ್ಲನೆ ಆಡಿಸಿದರು: ಸದ್ದು ಬಂದಿತು, ಹೋಯಿತು. ಬಾಗಿಲಿನ ಕೀಲಿನ ಬಳಿ ವರ್ಷಾನುಗಟ್ಟಲೆ ಬಾಗಿ ಬಾಗಿ ಹಳೆಯ ತಂತಿಯ ಎಳೆಗಳು ಹರಿದಿದ್ದವು. ಕೂಡಿಸುವಾಗಿನ ಎಳೆದಾಟ ಉಳಿದುದನ್ನು ಮುಗಿಸಿತ್ತು. ಗೇಣುದ್ದ ಹೊಸ ತಂತಿ ಬೆಸೆದರು.

ಹಿಂತಿರುಗುವ ದಾರಿ ಮಸ್ಕಿಯ ಮೇಲೆ. 1915ರಲ್ಲಿ ಬೆಳಕಿಗೆ ಬಂದ ಅಲ್ಲಿಯ ಬಂಡೆಶಾಸನ, 'ದೇವಾನಾಂಪ್ರಿಯ'ನೆಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಕಾದಿರಿಸಿತ್ತು. ಆ ಊರು ದಾಟುವಾಗ, ಹಳೆಯ ಸ್ಪೀಕರಿನಲ್ಲಿ ಎಂದೂ ಕೇಳಿಸದಿದ್ದ ಮಾತೊಂದು ಹಾಡಿನ ಕೊನೆಯಲ್ಲಿ ಕೇಳಿಸಿತು: ತಂದೆಯವರು ತಾಯಿಯನ್ನು ಹೆಸರು ಹಿಡಿದು ಕರೆದು ನೀರು ಕೇಳಿದ್ದರು. ತಾಯಿ, "ಇನ್ನೊಮ್ಮೆ ಹಚ್ಚು" ಎಂದರು.