ಒಂದು ಹೆಸರಿನ ಅಮಾನತು

ನಮ್ಮ ಅಣ್ಣನ ಮಗ ಡಿಗ್ರಿ ಮುಗಿಸಿ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೊದಲ ಸಂಬಳ ಕೈಗೆ ಬಂದ ವಾರವೇ ಊರಿಗೆ ಬಂದು, ರಾತ್ರಿ ಊಟಕ್ಕೆ ಕುಳಿತಾಗ ಒಂದು ಮಾತು ತೆಗೆದ. ಹೊಸ ಯೆಜ್ದಿ ಬೈಕು ಕೊಳ್ಳುವ ಆಸೆ ಅವನದು. "ಆದರೆ ಚಾಚಾ, ಅದಕ್ಕೆ ರೋಡ್‌ಸ್ಟರ್ ಅಂತ ಹೆಸರಿಟ್ಟಿದ್ದಾರೆ. ರೋಡ್‌ಕಿಂಗ್ ಅಂತಲೇ ಇಡಬೇಕಿತ್ತು. ದಾದಾ ಓಡಿಸಿದ ಗಾಡಿಯ ಹೆಸರು. ಇಟ್ಟಿದ್ದರೆ ಕಣ್ಣು ಮುಚ್ಚಿಕೊಂಡು ತಗೋತಿದ್ದೆ" ಎಂದ. ಅಮ್ಮಿ ರೊಟ್ಟಿ ಬಡಿಸುತ್ತಲೇ, "ಹೆಸರಿಟ್ಟರೆ ನಿನ್ನ ದಾದಾ ವಾಪಸ್ ಬರ್ತಾರೇನೋ?" ಎಂದರು. ಎಲ್ಲರೂ ನಕ್ಕೆವು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ನಿಂತುಹೋದ ಒಂದು ಗಾಡಿಯ ಹೆಸರನ್ನು ಮತ್ತೆ ತರಬೇಕೆ, ಬೇಡವೆ? ಪೇಟೆಯವರಿಗೆ ಇದು ವ್ಯಾಪಾರದ ಪ್ರಶ್ನೆ. ನಮ್ಮ ಮನೆಗೆ ಅಷ್ಟೇ ಅಲ್ಲ ಎಂಬುದು ಆಮೇಲೆ ತಿಳಿಯಿತು.

ಚುಂಚನಕಟ್ಟೆಯಲ್ಲಿ ಅಬ್ಬಾರದ್ದು ತಗಡಿನ ಒಂದು ಶೆಡ್ಡು. ಅದರ ಮುಂದೆ ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಉರ್ದುವಿನಲ್ಲಿ ಸಣ್ಣದಾಗಿ 'ರೋಡ್‌ಕಿಂಗ್ ಗ್ಯಾರೇಜ್' ಎಂದು ಬರೆಸಿದ್ದರು. ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿ ಆಮೇಲೆ ಕನ್ನಡ ಶಾಲೆಗೆ ಸೇರಿದ ನಮಗೆ ಆ ಬೋರ್ಡೇ ಎರಡು ಲಿಪಿಗಳ ಮೊದಲ ಪುಸ್ತಕ. ಸಂಕ್ರಾಂತಿಯ ದನಗಳ ಜಾತ್ರೆ ಕೂಡಿದರೆ ಶೆಡ್ಡಿಗೂ ಸುಗ್ಗಿ. ಹಳ್ಳಿಕಾರ್ ಎತ್ತುಗಳ ಜೋಡಿ ಹಿಡಿದು ರೈತರು ಬರುತ್ತಿದ್ದರು, ಅವರ ಹಿಂದೆ ಡುಗುಡುಗು ಎನ್ನುತ್ತ ಯೆಜ್ದಿಗಳ ಮೇಲೆ ದಲ್ಲಾಳಿಗಳು. ಕೋದಂಡರಾಮನ ದೇವಸ್ಥಾನದ ಗಂಟೆ, ಕೆಳಗೆ ಕಾವೇರಿ ಬಂಡೆಗಳ ಮೇಲಿಂದ ಧುಮುಕುವ ಸದ್ದು, ಇವುಗಳ ನಡುವೆಯೂ ಯಾರ ಗಾಡಿ ಬರುತ್ತಿದೆಯೆಂದು ಅಬ್ಬಾ ಕೇಳಿಯೇ ಹೇಳುತ್ತಿದ್ದರು.

ಆ ಗಾಡಿಗಳು ದೂರದಿಂದ ಬಂದವಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದವು. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಕಾರ್ಖಾನೆ ಅದು. ಜಾವಾ ಚೆಕ್ ದೇಶದ ಹೆಸರು. 1929ರಲ್ಲಿ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡು, ತಮ್ಮ ಹೆಸರಿನ ಮೊದಲ ಎರಡು ಅಕ್ಷರಕ್ಕೆ ಆ ಹೆಸರಿನ ಎರಡನ್ನು ಸೇರಿಸಿದರು. ಎಪ್ಪತ್ತರ ದಶಕದಲ್ಲಿ ಆ ಒಪ್ಪಂದ ಮುಗಿದಾಗ ಮೈಸೂರಿನವರು ಅದೇ ಗಾಡಿಯನ್ನು ಯೆಜ್ದಿ ಎಂದು ಕರೆದರು. ಕಾರ್ಖಾನೆ ಕಟ್ಟಿದ ಇರಾನಿ ಮನೆತನದ ಬೇರು ಇರಾನಿನ ಯಜ್ದ್ ಪಟ್ಟಣದಲ್ಲಿದೆ, ಹೆಸರು ಅಲ್ಲಿಂದ ಬಂತೆನ್ನುತ್ತಾರೆ. ತಮಾಷೆಯೆಂದರೆ ಚೆಕ್ ಭಾಷೆಯಲ್ಲೂ ಹೆಚ್ಚುಕಡಿಮೆ ಇದೇ ಉಚ್ಚಾರದ ಪದವಿದೆ, 'ಸವಾರಿ ಹೋಗುತ್ತಾನೆ' ಎಂದು ಅದರ ಅರ್ಥ. ನಮ್ಮ ಖಾಲಾ ಒಬ್ಬರಿಗೆ ಮಾತ್ರ ಆ ಹೆಸರು ಕರ್ಬಲಾದ ಯಜೀದನಂತೆ ಕೇಳಿಸಿ, ಮೊಹರಮ್ಮಿನ ಹತ್ತು ದಿನ ಅಬ್ಬಾರ ಗಾಡಿ ಹತ್ತುತ್ತಿರಲಿಲ್ಲ. ಅಬ್ಬಾ ಪ್ರತಿ ವರ್ಷವೂ ಯಜ್ದ್ ಒಂದು ಊರು ಎಂದು ವಿವರಿಸುತ್ತಿದ್ದರು. ಖಾಲಾ ಪ್ರತಿ ವರ್ಷವೂ ಬಸ್ಸಿಗೆ ಹೋಗುತ್ತಿದ್ದರು. ಒಂದು ಹೆಸರು ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದಾಗುತ್ತದೆ ಎಂದು ನಾವು ಕಲಿತದ್ದು ಹೀಗೆ.

ಯೆಜ್ದಿಗಳಲ್ಲಿ ರೋಡ್‌ಕಿಂಗ್ 1978ರ ಗಾಡಿ. 250 ಸಿಸಿ, ಹದಿನಾರು ಕುದುರೆಶಕ್ತಿ, ಎರಡು ಕಡೆ ಎರಡು ಸೈಲೆನ್ಸರ್. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಿನ ಲಿವರ್. ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದಿತ್ತು. ರೇಸಿನವರು ಅದನ್ನು ವೇಗಕ್ಕೆ ಕೊಂಡಾಡಿದರು, ನಮ್ಮ ಕಡೆಯವರು ಬೇರೆಯದಕ್ಕೆ. ಗಂಡ, ಹೆಂಡತಿ, ಮಗು, ಒಂದು ಮೂಟೆ ಹಿಂಡಿ, ಎಲ್ಲವನ್ನೂ ಹೊತ್ತು ಹುಣಸೂರಿನ ಸಂತೆಯಿಂದ ರಾತ್ರಿ ಮನೆ ಸೇರಿಸುತ್ತಿತ್ತು. ದಾರಿಯಲ್ಲಿ ನಿಂತರೆ ಪ್ಲಗ್ ಬಿಚ್ಚಿ ಒರೆಸಿ, ಪಾಯಿಂಟಿನ ನಡುವೆ ಸಿಗರೇಟು ಪ್ಯಾಕಿನ ಕಾಗದ ತೂರಿಸಿ ಅಂತರ ನೋಡಿ, ಮತ್ತೆ ಒದ್ದರೆ ಹೊರಡುತ್ತಿತ್ತು. ನಾಲ್ಕು ಸ್ಪಾನರ್ ಬಲ್ಲವನಿಗೆ ಅದು ಬಾಗಿಲು ತೆರೆದ ಮನೆ. 'ರಾಜ' ಎಂಬ ಹೆಸರು ಅದಕ್ಕೆ ಸಂದದ್ದು ನೂರು ಮೀರಿ ಓಡಿದ್ದಕ್ಕಲ್ಲ, ಎಂಥ ಬಡವನನ್ನೂ ನಡುದಾರಿಯಲ್ಲಿ ಕೈಬಿಡದ್ದಕ್ಕೆ ಎಂದು ಅಬ್ಬಾ ಹೇಳುತ್ತಿದ್ದರು.

ಆದರೆ ಹೊಗಳಿಕೆಯ ಭರದಲ್ಲಿ ಸತ್ಯ ಮುಚ್ಚಬಾರದು. ಅದು ಪೆಟ್ರೋಲಿನ ಜೊತೆ ಎಣ್ಣೆ ಸುಡುವ ಟೂ ಸ್ಟ್ರೋಕ್ ಗಾಡಿ. ಹಿಂದೆ ಬರುವವರಿಗೆ ಹೊಗೆಯ ಆರತಿ. ಲೀಟರಿಗೆ ಮೂವತ್ತು ಕಿಲೋಮೀಟರ್ ಸಿಕ್ಕರೆ ಪುಣ್ಯ. 1985ರಲ್ಲಿ ಹೀರೊ ಹೋಂಡಾ ಬಂದು ಅದರ ದುಪ್ಪಟ್ಟು ಮೀರಿ ಕೊಟ್ಟಾಗ, ಶೆಡ್ಡಿಗೆ ಬರುತ್ತಿದ್ದ ಶಾಲಾ ಮೇಷ್ಟ್ರುಗಳು ಮೊದಲು ಮರೆಯಾದರು, ಆಮೇಲೆ ಹಾಲಿನ ಡೈರಿಯವರು. 1996ರಲ್ಲಿ ಯಾದವಗಿರಿಯ ಕಾರ್ಖಾನೆಯೇ ಮುಚ್ಚಿತು. ಆ ಸುದ್ದಿ ಬಂದ ದಿನ ಅಬ್ಬಾ ಮಾಮೂಲಿನಂತೆ ಶೆಡ್ಡು ತೆರೆದರು, ಆದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರಲಿಲ್ಲ.

ಮುಂದೆ ಆ ಹೆಸರಿಗೆ ಆದದ್ದು ದೊಡ್ಡ ಕತೆ. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ 2018ರ ನವೆಂಬರಿನಲ್ಲಿ ಜಾವಾ ಹೆಸರನ್ನೂ, 2022ರ ಜನವರಿಯಲ್ಲಿ ಯೆಜ್ದಿ ಹೆಸರನ್ನೂ ಮತ್ತೆ ತಂದಿತು. ಹಳೆಯ ಕಾರ್ಖಾನೆ ಕಟ್ಟಿದ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಅದರ ಪಾಲುದಾರರಲ್ಲೊಬ್ಬರು. ಗಾಡಿ ತಯಾರಾಗುವುದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ, ಅದು ಮುಚ್ಚಿಹೋದ ಕಂಪನಿಯ ಆಸ್ತಿ ಎಂದಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ಬದಿಗಿಟ್ಟು ಇರಾನಿ ಮತ್ತು ಹೊಸ ಕಂಪನಿಯ ಪರ ತೀರ್ಪಿತ್ತಿತು. ಕಾನೂನಿನ ಸೂಕ್ಷ್ಮ ನಮ್ಮ ಅಳವಲ್ಲ. ಆದರೆ ಒಂದು ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ಕಬ್ಬಿಣ, ಯಂತ್ರ, ನೆಲ ಎಲ್ಲ ಹೋದ ಮೇಲೂ ನ್ಯಾಯಾಲಯದಲ್ಲಿ ಇಷ್ಟು ವರ್ಷ ಹೋರಾಡುವಷ್ಟು ಬೆಲೆ ಉಳಿದದ್ದು ಬರೀ ಎರಡಕ್ಷರದ ಹೆಸರಿಗೆ. ಆ ಬೆಲೆಯನ್ನು ಅದಕ್ಕೆ ತುಂಬಿದವರು ಯಾರು? ಮಾಲೀಕರು ಮಾತ್ರವೆ? ಮೂರೂವರೆ ದಶಕ ಅಲ್ಲಿ ಗಾಡಿ ಜೋಡಿಸಿದ ಕಾರ್ಮಿಕರು, ಅದನ್ನು ಹಳ್ಳಿ ಹಳ್ಳಿಯಲ್ಲಿ ಬದುಕಿಸಿದ ಮಿಸ್ತ್ರಿಗಳು, ಸಾಲ ಮಾಡಿ ಕೊಂಡ ರೈತರು, ಇವರೆಲ್ಲರ ಬೆವರೂ ಅದರಲ್ಲಿದೆ. ನಮ್ಮ ಮನೆಗಳಲ್ಲಿ ಸತ್ತವರ ಆಸ್ತಿ ಹಂಚುವ ಮೊದಲು ಅವರ ಸಾಲ ತೀರಿಸಬೇಕೆಂಬ ನಿಯಮವಿದೆ. ಹೆಸರೂ ಆಸ್ತಿಯೇ ಆದರೆ, ಅದನ್ನು ಪಡೆದವರ ಮೇಲೆ ಅದರ ಋಣವೂ ಬರುತ್ತದೆ.

ಬೇರೆ ಹೆಸರುಗಳೂ ಹೀಗೆ ಎದ್ದು ಬಂದಿವೆ. ಬಜಾಜ್‌ನವರ ಚೇತಕ್ 2020ರಲ್ಲಿ ವಿದ್ಯುತ್ ಸ್ಕೂಟರ್ ಆಗಿ ಮರಳಿತು. ಟಾಟಾದವರ ಸಿಯೆರ್ರಾ ಕಾರು 1991ರಲ್ಲಿ ಬಂದು, ಮುಂದೆ ನಿಂತುಹೋಗಿ, 2025ರ ನವೆಂಬರಿನಲ್ಲಿ ಹೊಸ ರೂಪದಲ್ಲಿ ಬಂತು. ಚೇತಕ್ ವಿಷಯದಲ್ಲಿ ನಮಗೆ ತಕರಾರಿಲ್ಲ. ಹಳೆಯ ಚೇತಕ್ ಮಧ್ಯಮ ವರ್ಗದ ಮನೆಯೊಂದನ್ನು ನಿರಾಯಾಸವಾಗಿ ಸಾಗಿಸುತ್ತಿತ್ತು, ಹೊಸದೂ ಅದೇ ಕೆಲಸಕ್ಕೆ ಬಂದಿದೆ. ಒಡಲು ಬದಲಾದರೂ ಕೆಲಸ ಉಳಿದರೆ ಹೆಸರಿಗೆ ಮೋಸವಾಗುವುದಿಲ್ಲ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲೂ ಉಂಟು, ನೆರೆಯ ಒಕ್ಕಲಿಗರ ಮನೆಗಳಲ್ಲೂ ಉಂಟು. ಮೊಮ್ಮಗ ಅಜ್ಜನಂತೆ ಕಾಣಲಿ ಎಂದು ಯಾರೂ ಕೇಳುವುದಿಲ್ಲ. ಅಜ್ಜನ ಮಾತು ಉಳಿಸಲಿ ಎಂದು ಕೇಳುತ್ತಾರೆ.

ರೋಡ್‌ಕಿಂಗ್ ಹೆಸರಿಗೆ ಈ ಅಳತೆ ಹಿಡಿದರೆ ಏನಾಗುತ್ತದೆ? 2022ರ ಯೆಜ್ದಿ 334 ಸಿಸಿಯದು. ಸುಮಾರು 29 ಕುದುರೆಶಕ್ತಿ, ಹಳೆಯದರ ದುಪ್ಪಟ್ಟಿಗೆ ಹತ್ತಿರ. ಹೊಗೆ ಕಡಿಮೆ, ಬ್ರೇಕು ನಂಬುವಂಥದು. 2020ರ ಏಪ್ರಿಲಿನಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮದ ಮುಂದೆ ಹಳೆಯ ಎಂಜಿನ್ ಹುಟ್ಟುವಂತೆಯೇ ಇಲ್ಲ, ಹುಟ್ಟಬಾರದು ಕೂಡ. ಅಣ್ಣನ ಮಗ ಅದನ್ನು ಕೊಂಡರೆ ನಮಗೆ ಸಂತೋಷವೇ. ಆದರೆ ಅದು ದಾರಿಯಲ್ಲಿ ನಿಂತರೆ ಸಿಗರೇಟು ಪ್ಯಾಕಿನ ಕಾಗದ ಸಾಲದು, ಕಂಪ್ಯೂಟರ್ ಜೋಡಿಸಿ ನೋಡಬೇಕು. ಅದು ಯಾವ ಕಂಪನಿಯ ತಪ್ಪೂ ಅಲ್ಲ, ಈ ಕಾಲದ ಎಲ್ಲ ಗಾಡಿಗಳೂ ಹಾಗೆಯೇ. ಹಳೆಯ ಹೆಸರು ಕೊಟ್ಟಿದ್ದ ಮಾತೇ ಬೇರೆ. ಆ ಮಾತನ್ನು ಉಳಿಸಲಾಗದಿದ್ದಾಗ ಹೊಸ ಹೆಸರಿಡುವುದು ಮರ್ಯಾದೆ. ರೋಡ್‌ಸ್ಟರ್ ಎಂದಿಟ್ಟದ್ದಕ್ಕೆ ಕಾರಣ ಏನೇ ಇರಲಿ, ನಮಗೆ ಅದು ಸರಿಯೆಂದೇ ತೋರಿತು.

ನಮ್ಮ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹೆಸರು ಕೇಳುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ. ಹಳ್ಳಿಕಾರ್ ಎಂಬ ಹೆಸರಿಗೆ ಬೆಲೆಯಿರುವುದು ಆ ಹೆಸರಿನ ಹಿಂದೆ ಅಂಥ ಕಾಲು, ಅಂಥ ಕೊಂಬು ಇರುವುದರಿಂದ. ಕೊಂಬಿಗೆ ಬಣ್ಣ ಬಳಿದು ಯಾರೂ ಹಳ್ಳಿಕಾರ್ ಮಾಡಲಾರರು.

ಇಷ್ಟೆಲ್ಲ ಬುದ್ಧಿ ಹೇಳುವ ನಾವೇನು ಮಾಡಿದೆವು? ಅಬ್ಬಾ ತೀರಿಕೊಂಡು ಹನ್ನೆರಡು ವರ್ಷವಾಯಿತು. ಶೆಡ್ಡನ್ನು ನಮ್ಮ ತಮ್ಮ ನೋಡಿಕೊಂಡ. ಪಂಕ್ಚರ್, ಆಯಿಲ್ ಬದಲಿಸುವುದು, ಟಯರ್ ಮಾರಾಟ. ಹಳೆಯ ಯೆಜ್ದಿಯ ಕೆಲಸ ಅವನಿಗೆ ಬಾರದು. ಕತೆ ಬರೆಯಲು ಹೊರಟ ನಮಗಂತೂ ಮೊದಲೇ ಬಾರದು. ಆದರೂ ಬೋರ್ಡು ಅಲ್ಲೇ ಇತ್ತು. ಹೆಸರಿನಿಂದ ಗಿರಾಕಿ ಬರುತ್ತಾರೆ ಎಂದು ತಮ್ಮ, ಅಬ್ಬಾರ ನೆನಪು ಎಂದು ನಾವು, ಇಬ್ಬರೂ ಸುಮ್ಮನಿದ್ದೆವು.

ಹೋದ ವರ್ಷದ ಜಾತ್ರೆಯಲ್ಲಿ ಪಿರಿಯಾಪಟ್ಟಣದ ಕಡೆಯ ವಯಸ್ಸಾದ ರೈತರೊಬ್ಬರು ತಮ್ಮ ರೋಡ್‌ಕಿಂಗನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದರು. ತಮ್ಮ ಅರ್ಧ ಗಂಟೆ ಏನೇನೋ ಬಿಚ್ಚಿ, ಕೊನೆಗೆ ತನ್ನಿಂದ ಆಗದು ಎಂದ. ಅವರು ಬಯ್ಯಲಿಲ್ಲ. ಬೋರ್ಡನ್ನೊಮ್ಮೆ ನೋಡಿ, "ನಿಮ್ಮಪ್ಪ ಸಾಬ್ರು ಇಲ್ಲ ಅಂದ್ಮೇಲೆ ಇದ್ಯಾಕ್ ಮಡಗಿದ್ದೀಯಪ್ಪಾ? ಇದ ನೋಡ್ಕಂಡು ಬಾಡಿಗೆ ಕೊಟ್ಟು ಬಂದೆ" ಎಂದರು. ಮತ್ತೆ ಆಟೋ ಹುಡುಕಲು ಹೊರಟರು. ಬಾಡಿಗೆ ನಾವು ಕೊಡುತ್ತೇವೆಂದರೂ ಒಪ್ಪಲಿಲ್ಲ.

ಅಂದು ರಾತ್ರಿ ನಮಗೆ ಒಂದು ಪದ ನೆನಪಾಯಿತು. ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಕೈಗಿತ್ತ ವಸ್ತು. ಕೇಳಿದ ದಿನ ಕೆಡದಂತೆ ಹಿಂದಿರುಗಿಸಬೇಕು. ಅದೇ ಪದ ಕನ್ನಡದ ಕಚೇರಿಗೆ ಬಂದಾಗ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು ಅಮಾನತು. ಎರಡು ಶಾಲೆಗಳಲ್ಲಿ ಓದಿದ ನಮಗೆ ಚಿಕ್ಕಂದಿನಲ್ಲಿ ಇದು ನಗೆಯ ವಿಷಯವಾಗಿತ್ತು. ಈಗ ಎರಡೂ ಅರ್ಥಗಳು ಒಂದೇ ಕಡೆ ಕೂಡಿದಂತೆ ಕಂಡವು. ಮಾತು ಉಳಿಸಲಾಗದ ಕಾಲಕ್ಕೆ ಹೆಸರನ್ನು ಕೆಲಸದಿಂದ ತಡೆದಿಡಬೇಕು. ಮಾರಿ ತಿನ್ನಬಾರದು, ಬಿಸಾಡಲೂಬಾರದು. ಉಳಿಸಬಲ್ಲವರು ಬಂದಾಗ ಒಪ್ಪಿಸಬೇಕು. ರೋಡ್‌ಕಿಂಗ್ ಎಂಬ ಹೆಸರನ್ನು ಮುಂದೆ ಯಾರಾದರೂ ತರುವುದಾದರೆ, ಅದರ ಮೇಲೆ ನಮ್ಮಂಥವರ ಬೇಡಿಕೆ ಇಷ್ಟೇ: ಹಳ್ಳಿಯ ಮಿಸ್ತ್ರಿ ಬಿಚ್ಚಬಲ್ಲ ಗಾಡಿಯಾಗಲಿ, ಇಪ್ಪತ್ತು ವರ್ಷವಾದರೂ ಬಿಡಿಭಾಗ ಸಿಗಲಿ. ಹಾಗಾದರೆ ತರಲಿ, ನಾವೇ ಮೊದಲು ಹಾರ ಹಾಕುತ್ತೇವೆ.

ಮರುದಿನ ಬೋರ್ಡು ಇಳಿಸಿದೆವು. ಒರೆಸಿ, ಹಳೆಯ ಸೀರೆ ಸುತ್ತಿ, ಅಮ್ಮಿಯ ಅಲ್ಮೇರಾದ ಹಿಂದೆ ಇಟ್ಟೆವು. ತಮ್ಮ ಅಬ್ಬಾರ ಹಳೆಯ ಶಾಗಿರ್ದ್ ಒಬ್ಬರನ್ನು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಡುಕಿ, ಭಾನುವಾರಗಳಂದು ಹೋಗಿ ಕೆಲಸ ಕಲಿಯುತ್ತಿದ್ದಾನೆ. ನಲವತ್ತು ದಾಟಿದ ಮೇಲೆ ಶಿಷ್ಯನಾಗುವುದು ಸುಲಭವಲ್ಲ. ಈ ಸಂಕ್ರಾಂತಿಗೆ ಅಬ್ಬಾರ ರೋಡ್‌ಕಿಂಗನ್ನು ಹೊರಗೆಳೆದು, ಪ್ಲಗ್ ಒರೆಸಿ, ಪಾಯಿಂಟ್ ಕೂಡಿಸಿ ಒದ್ದ. ಏಳನೆಯ ಸಲಕ್ಕೆ ಅದು ಎದ್ದಿತು. ಅಣ್ಣನ ಮಗ ಕುಣಿದು, "ಚಾಚಾ, ಈಗ ಬೋರ್ಡ್ ಹಾಕೋಣ" ಎಂದ. ಬಾಗಿಲಲ್ಲಿ ನಿಂತಿದ್ದ ಅಮ್ಮಿ ಹೊಗೆಗೆ ಸೆರಗು ಮೂಗಿಗೆ ಹಿಡಿದು, "ಮೊದಲು ಆ ಪಿರಿಯಾಪಟ್ಟಣದ ಯಜಮಾನರ ಗಾಡಿ ಆಗಲಿ" ಎಂದರು. ಅವರ ಊರು ಯಾವುದೆಂದು ಅಂದು ಕೇಳಿಕೊಳ್ಳಲಿಲ್ಲ. ತಮ್ಮ ಈಗ ಹುಡುಕುತ್ತಿದ್ದಾನೆ.